ಮುಖ್ಯ ಅತಿಥಿ ಇಲ್ಲದ ಭಾನುವಾರ

ವಡಾಲ, ಮುಂಬಯಿ
ಮಂಗಳವಾರ, 10 ಡಿಸೆಂಬರ್ 1991

ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡು ಓಡಾಡುವ ನನ್ನ ಮುದ್ದು ವನಮಾಲಾಗೆ ಅಮ್ಮನ ಮನಸಾರೆ ಆಶೀರ್ವಾದಗಳು.

ಇಲ್ಲಿ ನಾನೂ ನಿಮ್ಮ ಅಪ್ಪನೂ ಚೆನ್ನಾಗಿದ್ದೇವೆ. ನಾಗಪುರದ ಚಳಿಗೆ ನೀನು ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯ ಎಂದು ನಂಬಿದ್ದೇನೆ. ಈ ಕಾಗದವನ್ನು ಮಾತ್ರ ಊಟವಾದ ಮೇಲೆ ಓದು. ಮೊದಲೇ ಓದಿದರೆ ನನ್ನ ಮೇಲಿನ ಕೋಪಕ್ಕೆ ಊಟ ಬಿಡುತ್ತೀಯ, ಆಮೇಲೆ ಅದಕ್ಕೂ ನಾನೇ ಕಾರಣ ಎನ್ನುತ್ತೀಯ.

ವಿಷಯ ಇಷ್ಟು. ಕಂಪ್ಯೂಟರ್ ಹುಚ್ಚಿನವರೆಲ್ಲ ಸೇರುವ ನಿಮ್ಮ ಗಣಕ ಕೂಟ ಮೊನ್ನೆ ಭಾನುವಾರ ನಮ್ಮ ಕನ್ನಡ ಸಂಘದ ಹಾಲಿನಲ್ಲಿ ನಡೆಯಿತು. ನೀನಿಲ್ಲದೆಯೇ ನಡೆಯಿತು. ಹೋದ ತಿಂಗಳು ನೀನು ಪಕ್ಕದ ನೀಲಾಬಾಯಿಯವರ ಮನೆಗೆ ಫೋನ್ ಮಾಡಿ, ಆಫೀಸಿನವರು ಏಪ್ರಿಲ್ ತನಕ ನಾಗಪುರದಿಂದ ಬಿಡುವುದಿಲ್ಲ, ಕೂಟದ ಗೆಳೆಯ ಶೇಖರನಿಗೆ ಹೇಳಿ ಈ ಸಲದ ಕೂಟವನ್ನು ಮೇ ತಿಂಗಳಿಗೆ ಹಾಕಿಸು, ನಾನಿಲ್ಲದೆ ಅದು ಆಗುವ ಮಾತಲ್ಲ ಎಂದಿದ್ದೆಯಲ್ಲ? ನಾನು ಹೂಂ ಎಂದಿದ್ದೆ. ಶೇಖರನಿಗೆ ಹೇಳಲಿಲ್ಲ. ಮರೆತೆನೆಂದು ತಿಳಿಯಬೇಡ. ಬೇಕೆಂದೇ ಹೇಳಲಿಲ್ಲ. ಪಾಪ, ಆ ಹುಡುಗನ ಮೇಲೆ ರೇಗಬೇಡ. ಅವನು ಕಾಂದಿವಲಿಯಲ್ಲಿ ತನ್ನ ಪಾಡಿಗೆ ತಾನು ತಯಾರಿ ಮಾಡಿಕೊಳ್ಳುತ್ತಿದ್ದ.

ಈಗ ನೀನು ಈ ಹಾಳೆಯನ್ನು ಮುದುರಿ ಎಸೆದಿದ್ದರೆ, ಎತ್ತಿಕೊಂಡು ಮುಂದಕ್ಕೆ ಓದು.

ಈ ಸಂಘದಲ್ಲಿ ನಾನು ಏನೇನು ನೋಡಿಲ್ಲ ಹೇಳು. ನೀನು ಚಿಕ್ಕವಳಿದ್ದಾಗ ಎಂಥ ನಾಟಕದ ತಂಡವಿತ್ತು. ಆಡಿಸುವವರಿಗೆ ಮದರಾಸಿಗೆ ವರ್ಗವಾಯಿತು, ತಂಡವೂ ಅವರ ಟ್ರಂಕಿನ ಜೊತೆಗೇ ಹೋಯಿತು. ನಾವು ಹೆಂಗಸರು ಒಂದು ಕೈಬರಹದ ಪತ್ರಿಕೆ ಮಾಡುತ್ತಿದ್ದೆವು. ಅದರ ಸಂಪಾದಕಿಗೆ ಮೊಮ್ಮಗು ಹುಟ್ಟಿತು, ಪತ್ರಿಕೆ ತೀರಿಕೊಂಡಿತು. ಒಬ್ಬರ ತಲೆಯ ಮೇಲೆ ನಿಂತದ್ದೆಲ್ಲ ಆ ಒಬ್ಬರು ತಲೆ ಕೊಡವಿದ ಕೂಡಲೆ ಕೆಳಗೆ. ನೀನು ಮಾತ್ರ ಮೂರು ವರ್ಷದಿಂದ ಎಲ್ಲರ ಮುಂದೆ, ಇದು ಯಾರ ಸ್ವತ್ತೂ ಅಲ್ಲ, ಬಂದವರೇ ಇದರ ಯಜಮಾನರು ಎಂದು ಹೇಳಿಕೊಂಡು ಬಂದೆ. ನನಗೆ ಅದು ನಿಜವೇ ಅಂತ ನೋಡಬೇಕಿತ್ತು. ನಿಜವಲ್ಲದಿದ್ದರೆ ನಿನಗೆ ಗೊತ್ತಾಗದ ಹಾಗೆ ನಾನೊಬ್ಬಳೇ ಅತ್ತುಬಿಡೋಣ ಎಂದುಕೊಂಡಿದ್ದೆ.

ಆದರೆ ನಿಮ್ಮ ಅಪ್ಪನನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಗಳು ಊರಲ್ಲಿಲ್ಲ, ಸಂಘದ ಕಾರ್ಯದರ್ಶಿಯಾಗಿ ತಾನಾದರೂ ಕಾರ್ಯಕ್ರಮದ ಮಾನ ಉಳಿಸಬೇಕು ಎಂದು ಅವರಿಗೆ ಅನ್ನಿಸಿಬಿಟ್ಟಿತು. ನಿಮ್ಮ ಅಪ್ಪ ತಿರುಮಲೇಶರಾಯರಿಗೆ ಕಾರ್ಯಕ್ರಮ ಎಂದರೆ ಏನು ಅಂತ ನಿನಗೆ ಗೊತ್ತೇ ಇದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿ, ಅಧ್ಯಕ್ಷ ಭಾಷಣ, ಶಾಲು, ಹಾರ, ಹಣ್ಣಿನ ಬುಟ್ಟಿ, ವಂದನಾರ್ಪಣೆ. ಇದರಲ್ಲಿ ಒಂದು ಕಡಿಮೆಯಾದರೂ ಅವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ನಮಗೆ ಯಾರಿಗೂ ಹೇಳದೆ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿದರು. ರುಕ್ಮಿಣಿಬಾಯಿಯವರಿಗೆ ಪ್ರಾರ್ಥನೆ ಹಾಡಲು ಹೇಳಿದರು. ಮುಖ್ಯ ಅತಿಥಿಯಾಗಿ ಯಾರನ್ನು ಕರೆದರು ಗೊತ್ತೇ? ಗದಿಗೆಪ್ಪನವರನ್ನು! ತಮ್ಮ ಆಫೀಸಿಗೆ ಮೊದಲ ಕಂಪ್ಯೂಟರ್ ಬಂದ ದಿನ ಗೇಟಿನ ಮುಂದೆ ನೂರಾರು ಗುಮಾಸ್ತರನ್ನು ಕೂರಿಸಿ, ಕಂಪ್ಯೂಟರ್ ಮುರ್ದಾಬಾದ್ ಎಂದು ಗಂಟಲು ಹರಿಯುವ ಹಾಗೆ ಕೂಗಿಸಿದ ಗದಿಗೆಪ್ಪನವರನ್ನು. ಅವರನ್ನು ಯಾಕೆ ಕರೆದಿರಿ ಎಂದರೆ, ಕಂಪ್ಯೂಟರ್ ವಿಷಯದಲ್ಲಿ ನಮ್ಮವರ ಪೈಕಿ ಪೇಪರಿನಲ್ಲಿ ಹೆಸರು ಬಂದದ್ದು ಅವರೊಬ್ಬರದೇ ಅಲ್ಲವೇ ಎಂದರು. ನಾನು ತಲೆ ಚಚ್ಚಿಕೊಂಡೆ.

ಭಾನುವಾರ ಬೆಳಿಗ್ಗೆ ನಾನು ಹಾಲಿಗೆ ಹೋದಾಗ ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು, ನಾಲ್ಕು ಕುರ್ಚಿ, ಮೈಕು. ಕೆಳಗೆ ಸಾಲುಸಾಲಾಗಿ ಕುರ್ಚಿಗಳು. ನೀವು ಪ್ರತಿ ವರ್ಷ ಮಧ್ಯದಲ್ಲಿ ನಿಲ್ಲಿಸುವ ಖಾಲಿ ಕಪ್ಪು ಹಲಗೆಯನ್ನು ಪಾಪ ಕಕ್ಕಸಿನ ಬಾಗಿಲ ಪಕ್ಕಕ್ಕೆ ದೂಡಿದ್ದರು. ಶೇಖರ ಬಂದದ್ದು ಸ್ವಲ್ಪ ತಡವಾಗಿ. ತನ್ನ ಕಂಪ್ಯೂಟರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಲೋಕಲ್ ಟ್ರೇನಿನ ಲಗೇಜ್ ಡಬ್ಬಿಯಲ್ಲಿ ದಾದರ್ ತನಕ ತಂದಿದ್ದನಂತೆ. ಮೀನು ಮಾರುವ ಬಾಯಿಯೊಬ್ಬಳು, ನವಾ ಟೀವೀ ಕಾ ರೇ, ಹೊಸ ಟೀವಿಯೇನೋ, ಎಂದು ಕೇಳಿ, ತನ್ನ ಬುಟ್ಟಿ ಸರಿಸಿ ಜಾಗ ಕೊಟ್ಟಳಂತೆ. ಅವನು ಹಾಲಿನೊಳಗೆ ಕಾಲಿಟ್ಟವನು ವೇದಿಕೆ ನೋಡಿ, ಕಂಬಳಿಯ ಗಂಟನ್ನು ತಬ್ಬಿಕೊಂಡು ಹಾಗೇ ನಿಂತ. ನಿಮ್ಮ ಅಪ್ಪನ ಮೇಲೆ ಅವನು ರೇಗಲಿಲ್ಲ, ಅದು ಅವನ ದೊಡ್ಡತನ. ಗಂಟನ್ನು ಇಳಿಸಿ ಹಲಗೆಯನ್ನು ತಳ್ಳಿಕೊಂಡು ಬಂದು ವೇದಿಕೆಯ ಮುಂದೆ ನಿಲ್ಲಿಸಿದ. ವಾರಿಜಾ ಸೆರಗು ಸಿಕ್ಕಿಸಿಕೊಂಡು ಕುರ್ಚಿಗಳನ್ನು ಎಳೆದು ದುಂಡಗೆ ಹಾಕತೊಡಗಿದಳು. ಪರೇಲಿನ ಆಸ್ಪತ್ರೆಯಲ್ಲಿ ರೋಗಿಗಳ ಕಾರ್ಡು ಬರೆಯುವ ಕೆಲಸದವಳು, ದನಿಯೂ ಕೈಯೂ ಜೋರು. ಅವಳು ಎಳೆದ ಕುರ್ಚಿಯನ್ನು ನಿಮ್ಮ ಅಪ್ಪ ಸಾಲಿಗೆ ತಂದು ಹಾಕುವುದು, ಅವಳು ಮತ್ತೆ ಎಳೆಯುವುದು. ಕೊನೆಗೆ ಅವರ ಸೊಂಟ ಹಿಡಿದುಕೊಂಡಿತು, ಬಿಟ್ಟರು.

ಇನ್ನು ನನ್ನ ಹೆದರಿಕೆಯ ಹೊತ್ತು. ಜನ ಬಂದರು, ಹಾಲ್ ತುಂಬಿತು. ಆದರೆ ಹಲಗೆ ಖಾಲಿ. ಯಾರಿಗೆ ಏನು ಹೇಳಬೇಕೋ ಅವರೇ ಬಂದು ಬರೆಯಲಿ ಎನ್ನುವುದು ನಿಮ್ಮ ಪದ್ಧತಿ ಸರಿ, ಆದರೆ ಮೂರು ವರ್ಷವೂ ಮೊದಲ ಸಾಲು ಬರೆದವಳು ನೀನು. ಅದು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ಎಲ್ಲರೂ ಚಾಕ್ ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಕೆಮ್ಮುತ್ತಾರೆ. ನಿಮ್ಮ ಅಪ್ಪ ಮೈಕಿನ ಹತ್ತಿರ ಹೋಗಿ, ಹಲೋ ಹಲೋ ಎಂದರು. ರುಕ್ಮಿಣಿಬಾಯಿ ಗಂಟಲು ಸರಿಮಾಡಿಕೊಂಡರು. ಮುಗಿಯಿತು, ಇದೂ ಸಂಘದ ಇನ್ನೊಂದು ಸಭೆಯಾಯಿತು ಎಂದುಕೊಂಡೆ. ಹೇಳಿಬಿಡಬೇಕಿತ್ತು, ಮೇ ತಿಂಗಳಿಗೇ ಹಾಕಿಸಬೇಕಿತ್ತು, ಮಗಳ ಕೂಸನ್ನು ನಾನೇ ಕೈಯಾರೆ ಕೊಂದೆ ಎಂದು ಅನ್ನಿಸಿತು.

ಅಷ್ಟರಲ್ಲಿ ಗದಿಗೆಪ್ಪನವರು ಬಂದರು. ಕೋಟು, ಕರೀ ಟೋಪಿ, ಕೈಯಲ್ಲಿ ಭಾಷಣದ ಕಂತೆ. ಮುಖ್ಯ ಅತಿಥಿಯೆಂದರೆ ಉದ್ಘಾಟನೆ ಮಾಡಬೇಕಲ್ಲ, ದೀಪ ಎಲ್ಲೈತಿ ಎಂದು ಕೇಳಿದರು. ನಮ್ಮ ಶೇಖರ ಬಲು ವಿನಯದಿಂದ ಮುಂದೆ ಹೋಗಿ, ದೀಪ ಇಲ್ಲ ಮಾರಾಯ್ರೆ, ಚಾಕ್ ಉಂಟು, ಎಂದು ಅವರ ಕೈಗೆ ಚಾಕ್ ಇಟ್ಟ. ಏನಯ್ಯ, ಅತಿಥಿಗೆ ಚಾಕ್ ಕೊಡೋದಾ, ಎಂದು ನಿಮ್ಮ ಅಪ್ಪ ಮೈಕಿನಲ್ಲೇ ಬೈದರು. ಬೀದಿಯ ತನಕ ಕೇಳಿಸಿತು. ಗದಿಗೆಪ್ಪನವರು ಚಾಕನ್ನೂ ಹಲಗೆಯನ್ನೂ ನೋಡಿ, ಇದರಾಗ ಏನು ಬೇಕಾದ್ರೂ ಬರೀಬಹುದೇನು ಎಂದರು. ಬರೀಬಹುದು ಎಂದ ಶೇಖರ. ಅವರು ದೊಡ್ಡ ಅಕ್ಷರದಲ್ಲಿ, ಹಲಗೆಯ ನಟ್ಟನಡುವೆ, ಹೀಗೆ ಬರೆದರು: ‘ಈ ಕಂಪ್ಯೂಟರ್ ಯಾಕ ಬ್ಯಾಡ’.

ಅಬ್ಬಾ, ಆಗ ನೋಡಬೇಕಿತ್ತು ನೀನು! ಬೆಂಕಿ ಬಿದ್ದ ಹಾಗೆ ಎಲ್ಲರೂ ಎದ್ದರು. ವಾರಿಜಾ ಓಡಿ ಬಂದು ಅದರ ಪಕ್ಕದಲ್ಲೇ, ‘ಕಂಪ್ಯೂಟರಿನಲ್ಲಿ ಕನ್ನಡ ಅಚ್ಚು ಹಾಕುವುದು, ನನಗೆ ಅರ್ಧ ಮಾತ್ರ ಬರುತ್ತದೆ’ ಎಂದು ಬರೆದಳು. ಶೇಖರ, ಫ್ಲಾಪಿಯಿಂದ ಫ್ಲಾಪಿಗೆ ಹರಡುವ ರೋಗ ಮತ್ತು ಮದ್ದು ಎಂದು ಬರೆದ. ಆಮೇಲೆ ಚಾಕಿಗೆ ಜಗ್ಗಾಟ. ಒಂದು ಚಾಕನ್ನು ಮೂರು ತುಂಡು ಮಾಡಿಕೊಂಡು ಬರೆದರು. ಹಲಗೆಯಲ್ಲಿ ಜಾಗ ಸಾಲದೆ ಅದರ ಹಿಂಬದಿಗೂ ಬರೆದರು.

ಆಮೇಲೆ ಒಂದೊಂದು ವಿಷಯಕ್ಕೆ ಒಂದೊಂದು ಕೋಣೆಯೆಂದು ಹಂಚಿಕೊಂಡರು. ಗದಿಗೆಪ್ಪನವರ ಕೋಣೆಯಲ್ಲಿ ಜನ ಕಿಕ್ಕಿರಿದರು. ಅವರು ಕಂತೆ ಬಿಚ್ಚಿ ಓದತೊಡಗಿದರು. ಸ್ವಲ್ಪ ಹೊತ್ತಿಗೆ ನಾಲ್ಕು ಜನ ಎದ್ದು ಪಕ್ಕದ ಕೋಣೆಗೆ ಹೋದರು. ಮನಸ್ಸಿಲ್ಲದ ಕಡೆ ಕೂರಬೇಡಿ, ಎದ್ದು ಹೋದರೆ ಯಾರೂ ಬೇಸರಪಡಬೇಡಿ ಎನ್ನುವುದು ನಿಮ್ಮ ನಿಯಮವಲ್ಲವೇ? ಗದಿಗೆಪ್ಪನವರಿಗೆ ಅದು ಹೇಗೆ ಗೊತ್ತಿರಬೇಕು, ಮುಖ ಇಷ್ಟೇ ಇಷ್ಟಾಯಿತು. ನಾನೇ ಹೋಗಿ ಕಿವಿಯಲ್ಲಿ ಹೇಳಿದೆ. ಹೌದಾ ಎಂದರು, ಕಂತೆಯನ್ನು ಕಿಸೆಗೆ ತುರುಕಿ ಬಾಯಿಮಾತಿನಲ್ಲಿ ಮಾತಾಡಿದರು. ತಮ್ಮ ಆಫೀಸಿನಲ್ಲಿ ಯಾರ ಯಾರ ಕೆಲಸ ಹೋಯಿತು, ವರ್ಷಗಟ್ಟಲೆ ರಿಜಿಸ್ಟರು ಬರೆದವರನ್ನು ಯಾವ ಮೂಲೆಗೆ ಕೂರಿಸಿದರು ಎಂದು ಒಂದೊಂದಾಗಿ ಹೇಳಿದರು. ಯಾರೂ ಎದ್ದು ಹೋಗಲಿಲ್ಲ. ಹುಡುಗರು ವಾದ ಮಾಡಿದರು, ಕೂಗಾಡಿದರು, ಕೆಲವು ಮಾತನ್ನು ಒಪ್ಪಿಕೊಂಡರು. ಕೊನೆಗೆ ಏನಾಯಿತು ಗೊತ್ತೇ? ನಾನು ಪಕ್ಕದ ಕೋಣೆಗೆ ಇಣುಕಲು ಹೋಗಿದ್ದೆ, ಅಲ್ಲಿಯ ಚಪ್ಪಾಳೆ ಇವರಿಗೆ ಕೇಳಿಸಿತಂತೆ. ಗದಿಗೆಪ್ಪನವರು, ಇಲ್ಲಿ ನನಗ ಗೊತ್ತಿರೂದನ್ನ ನಾನೇ ಎಷ್ಟು ಕೇಳ್ಲಿ, ಎಂದು ತಮ್ಮ ಭಾಷಣದಿಂದ ತಾವೇ ಎದ್ದು ನಾವಿದ್ದ ಕೋಣೆಗೆ ಬಂದುಬಿಟ್ಟರು!

ಆ ಚಪ್ಪಾಳೆ ವಾರಿಜಾಳ ಕೋಣೆಯದು. ಅವಳು ಒಂದೊಂದು ಅಕ್ಷರವನ್ನೂ ಚೌಕುಳಿ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿಡಿಸಿ ಕಂಪ್ಯೂಟರಿಗೆ ತುಂಬಿದ್ದಾಳೆ. ಆದರೆ ಪ್ರಿಂಟರಿನಲ್ಲಿ ಒತ್ತಕ್ಷರ ಬರುವುದಿಲ್ಲ, ಕೆಳಗಿನದು ಕತ್ತರಿಸಿ ಹೋಗುತ್ತದೆ. ಉಪ್ಪಿಟ್ಟು ಎಂದು ಕೊಟ್ಟರೆ ಉಪಿಟು ಎಂದು ಬರುತ್ತಿತ್ತು. ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ, ನನ್ನ ಕೈಲಾಗಲಿಲ್ಲ ಎಂದು ಎಲ್ಲರ ಮುಂದೆ ಹೇಳಿದಳು. ಬ್ಯಾಂಕಿನವನೊಬ್ಬ, ಕಾಲೇಜಿನ ಹುಡುಗಿಯೊಬ್ಬಳು, ಶೇಖರ, ಎಲ್ಲರೂ ನೆಲದ ಮೇಲೆ ಕೂತುಬಿಟ್ಟರು. ಊಟದ ಡಬ್ಬಿ ಬಿಚ್ಚಿ ಒಂದು ಕೈಯಲ್ಲಿ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಬರೆದರು. ಕಿಟಕಿಯ ಬಿಸಿಲಿಗೆ ಪರದೆ ಕಾಣಿಸುತ್ತಿಲ್ಲವೆಂದು ಯಾರೋ ನಿಮ್ಮ ಅಪ್ಪನ ತೋಳಿನ ಮೇಲಿದ್ದ ಸನ್ಮಾನದ ಶಾಲನ್ನು ಕೇಳಿ ತೆಗೆದುಕೊಂಡು ಕಿಟಕಿಗೆ ಕಟ್ಟಿದರು. ಅವರು ಬೇಡವೆನ್ನಲು ಬಾಯಿ ತೆರೆದರು, ಆದರೆ ಅಷ್ಟರಲ್ಲಿ ಪ್ರಿಂಟರು ಕಿರ್ರೆಂದು ಕಿರುಚಿ ಉಪ್ಪಿಟ್ಟು ಎಂದು ಸರಿಯಾಗಿ ಬರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿಳ್ಳೆ ಹೊಡೆಯಲು ಬಾರದ ನಾನೂ ತಟ್ಟಿದೆ.

ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಆಮೇಲಿನದು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ವಾರಿಜಾ ಬಚ್ಚಿಟ್ಟುಕೊಳ್ಳಲಿಲ್ಲ. ಫ್ಲಾಪಿ ತಂದವರೆಲ್ಲ ಸಾಲಾಗಿ ನಿಂತು ಆ ಅಕ್ಷರಗಳನ್ನು ಹಾಕಿಸಿಕೊಂಡು ಹೋದರು. ನಾವು ಹುಳಿಪುಡಿಯ ಹದ ಹೇಳಿಕೊಡಲೂ ಹಿಂದೆಮುಂದೆ ನೋಡುವ ಜನ. ಇವರು ಯಾರ ಹೊಟ್ಟೆಯಲ್ಲಿ ಹುಟ್ಟಿದರಪ್ಪ ಎಂದು ನನಗೆ ಹೆಮ್ಮೆಯೆನಿಸಿತು.

ನೀನು ಬೇಜಾರು ಮಾಡಿಕೊಳ್ಳಬೇಡ. ಎಲ್ಲರೂ ನಿನ್ನನ್ನು ನೆನೆದರು, ಯಾವ ಕೋಣೆಗೆ ಹೋದರೂ ನಿನ್ನ ಹೆಸರೇ. ಸಂಜೆ ಲೋಟಗಳನ್ನು ಅವರವರೇ ತೊಳೆದಿಟ್ಟರು. ನಾನು ಈ ಸಲ ಅಡುಗೆಮನೆಯ ಕಡೆ ಸುಳಿಯಲೇ ಇಲ್ಲ. ಗದಿಗೆಪ್ಪನವರು ಹೊರಡುವಾಗ, ಮುಂದಿನ ವರ್ಷಕ್ಕೂ ತಮ್ಮ ವಾದ ಬಾಕಿ ಇದೆ, ಆದರೆ ಕೋಟು ಹಾಕಿಕೊಂಡು ಬರುವುದಿಲ್ಲ ಎಂದು ಹೇಳಿ ಹೋದರು.

ಏಪ್ರಿಲಿನಲ್ಲಿ ಬಾ. ಬಂದು ನನ್ನನ್ನು ಮನಸಾರೆ ಬೈಯಿ. ಒಬ್ಬಟ್ಟು ಮಾಡಿಟ್ಟಿರುತ್ತೇನೆ, ತಿನ್ನುತ್ತಾ ಬೈಯಬಹುದು.

ನಿನ್ನ ಮಾತು ಕೇಳದ,
ಅಮ್ಮ
(ಸುಮಿತ್ರಾ)

ತಾ.ಕ.: ಕಾಗದ ಮಡಚಿ, ಲಕೋಟೆಗೆ ಅಂಟು ಹಚ್ಚುವ ಮೊದಲು ಮತ್ತೆ ಬಿಚ್ಚಿದೆ. ಎಲ್ಲರೂ ನಿನ್ನ ಹೆಸರು ಹೇಳಿದರು ಎಂದು ಬರೆದೆನಲ್ಲ, ಅದು ಸುಳ್ಳು. ನಿನ್ನ ಮನಸ್ಸಿಗೆ ನೋವಾದೀತೆಂದು ಬರೆದೆ. ಬೆಳಿಗ್ಗೆಯಿಂದ ಸಂಜೆಯ ತನಕ ಯಾರೊಬ್ಬರೂ ನಿನ್ನ ಹೆಸರೆತ್ತಲಿಲ್ಲ ವನೂ. ಅವರಿಗೆ ಪುರಸೊತ್ತೇ ಇರಲಿಲ್ಲ. ಮೊದಲ ಸಲ ಬಂದಿದ್ದ ರಾಜೀವಿ ಎಂಬ ಹುಡುಗಿ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಇದನ್ನೆಲ್ಲ ನಡೆಸುವವರು ಯಾರು ಎಂದು ವಾರಿಜಾಳನ್ನು ಕೇಳಿದಳು. ನಾನು ಕಿವಿಗೊಟ್ಟು ನಿಂತೆ. ಯಾರಂತ ಹೇಳುದು, ನಾವೇ, ಇವತ್ತಿಂದ ನೀನೂ ಸೇರಿ, ಎಂದಳು ವಾರಿಜಾ. ನಿನ್ನ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮನೆಗೆ ಬಂದು ಇದನ್ನು ನಿಮ್ಮ ಅಪ್ಪನಿಗೆ ಹೇಳಿದೆ. ಇಪ್ಪತ್ತು ವರ್ಷ ತಮ್ಮ ಹೆಸರಿಲ್ಲದ ಒಂದು ಆಹ್ವಾನ ಪತ್ರಿಕೆಯನ್ನೂ ಹಂಚದ ಮನುಷ್ಯ, ಷರ್ಟಿನ ಗುಂಡಿ ಬಿಚ್ಚುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಹಾಗಾದ್ರೆ ನಮ್ಮ ಮಗಳು ಗೆದ್ದಳು ಕಣೇ, ಎಂದರು.