ಒಟ್ಟಿಗೇ ಹೋಗುವ ಅಂದಿದ್ದಿರಿ

ಪ್ರೀತಿಯ ವಕೀಲ ಮಾವನಿಗೆ,

ಅಪ್ಪನ ಸ್ನೇಹಿತರೆಂದು ನಮ್ಮ ಮನೆಗೆ ಬರುತ್ತಿದ್ದವರು ನೀವು. ರಕ್ತಸಂಬಂಧ ಇಲ್ಲದಿದ್ದರೂ ನಮಗೆ ಮಾವನೇ. ಧಣಿಗಳ ಬೈಹುಲ್ಲಿನ ಬಣವೆಗೆ ಬೆಂಕಿ ಇಟ್ಟನೆಂದು ನನ್ನ ತಮ್ಮ ಶೀನನನ್ನು ಪೊಲೀಸರು ಹಿಡಿದಾಗ, ನಾನು ಪಾಣೆಮಂಗಳೂರಿನ ನಿಮ್ಮ ಮನೆ ಬಾಗಿಲಿಗಲ್ಲದೆ ಇನ್ನೆಲ್ಲಿಗೆ ಓಡಬೇಕಿತ್ತು?

ಬಂಟ್ವಾಳದ ಕೋರ್ಟಿನಲ್ಲಿ ಧಣಿಗಳ ಆಳು ಸಾಕ್ಷಿಗೆ ನಿಂತ ದಿನ ಇನ್ನೂ ಕಣ್ಣ ಮುಂದೆ ಉಂಟು. ಸಂಜೆ ಕಡವಿನಲ್ಲಿ ದೋಣಿ ಹತ್ತಿ ಹೊಳೆ ದಾಟಿ ಬರುವಾಗ ಶೀನ ಬೆಂಕಿ ಇಡುವುದನ್ನು ಕಣ್ಣಾರೆ ಕಂಡೆ ಅಂದ. ಅಪ್ಪಟ ಸುಳ್ಳು! ಆ ಹೊತ್ತಿಗೆ ಶೀನ ನನ್ನೆದುರು ಗಂಜಿ ಉಣ್ಣುತ್ತಿದ್ದ. ನೀವು ಅವನ ಬೆವರಿಳಿಸುತ್ತೀರಿ ಎಂದು ನಾನು ಕಾದು ಕುಳಿತರೆ, ನೀವು ಎದ್ದು ಕೇಳಿದ್ದು ಒಂದೇ ಮಾತು.

"ದೋಣಿಯಲ್ಲೇ ಬಂದದ್ದಾ?"

"ಹೌದು, ದೋಣಿಯಲ್ಲೇ."

ಕೋರ್ಟಿನವರು ಅದನ್ನು ಬರೆದುಕೊಂಡರು. ನೀವು ಕುಳಿತೇಬಿಟ್ಟಿರಿ.

ಆಮೇಲೆ ಕೋರ್ಟಿನ ಜಗಲಿಯಲ್ಲಿ ನಾನು ಆಡಿದ ಮಾತು... "ಧಣಿಗಳಿಗೆ ನಿಮ್ಮನ್ನು ಮಾರಿಕೊಂಡಿಲ್ಲ ಅಂತ ಕ್ಷೇತ್ರಕ್ಕೆ ಬಂದು ದೇವರೆದುರು ಆಣೆ ಹಾಕ್ತೀರಾ?" ನಮ್ಮ ಕಡೆ ಹಗೆಯವನಿಗೂ ಹತ್ತು ಸಲ ಯೋಚಿಸಿ ಹೇಳುವ ಮಾತು ಅದು. ನೀವು ಕರಿಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು, "ಹಾಕ್ತೇನೆ ಮಗಾ. ಮೊದಲು ತೀರ್ಪು ಆಗಲಿ, ಇಬ್ಬರೂ ಒಟ್ಟಿಗೇ ಹೋಗುವ" ಅಂದಿರಿ. ಯಾಕೆ ಮಾವ, ಒಂದು ಮಾತು ಬಿಡಿಸಿ ಹೇಳಿದ್ದರೆ... ಇಲ್ಲ, ನನ್ನ ಬಾಯಿ ಎಂಥದ್ದೆಂದು ನಿಮಗೆ ಗೊತ್ತಿತ್ತು. ಸಂಜೆಯೊಳಗೆ ಊರಿಡೀ ಡಂಗುರವಾಗುತ್ತಿತ್ತು.

ಎದೆನೋವು ಬಂದು ನೀವು ತೀರಿಹೋದಿರೆಂದು ಮಾಣಿ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಯಾರೋ ಹೇಳಿದರು. ಆಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಕೊನೆಯ ಸಲ ಮುಖ ನೋಡಲೂ ಬರಲಿಲ್ಲ, ಉತ್ತರಕ್ರಿಯೆಯ ಬೊಜ್ಜಕ್ಕೂ ಬರಲಿಲ್ಲ.

ಮುಂದಿನ ವಾಯಿದೆಗೆ ನಿಮ್ಮ ಜೂನಿಯರ್, ನೀವು ಬರೆದಿಟ್ಟ ಪ್ರಕಾರ, ಕಡವಿನ ಅಂಬಿಗನನ್ನು ಕರೆಸಿದರು. "ಬಣವೆ ಸುಟ್ಟ ಆ ವಾರ ಇಡೀ ದೋಣಿ ದಡದಲ್ಲಿ ಕವುಚಿ ಹಾಕಿತ್ತು ಸ್ವಾಮಿ. ಅಡಿ ಒಡೆದಿತ್ತು, ರಿಪೇರಿ ಮಾಡ್ತಾ ಇದ್ದೆ" ಅಂದ. ನನಗೆ ಆಗ ಹೊಳೆಯಿತು. ನೀವು ಅವತ್ತೇ ಕೆದಕಿದ್ದರೆ ಆ ಆಳು ಸೇತುವೆ ಮೇಲೆ ಬಂದೆ ಎಂದು ಮಾತು ತಿರುಗಿಸುತ್ತಿದ್ದ, ಅಲ್ಲವೇ?

ನಿನ್ನೆ ತೀರ್ಪು ಬಂತು. ಶೀನ ಬಿಡುಗಡೆಯಾದ. ಜೈಲಿನಿಂದ ಬಂದವನು ಚಪ್ಪಲಿ ಬಿಡುತ್ತಲೇ ಕೇಳಿದ್ದು, "ಅಕ್ಕಾ, ಮಾವನ ಬೊಜ್ಜಕ್ಕೆ ನೀನಾದರೂ ಹೋಗಿದ್ದೆಯಲ್ಲ?"

ಸೋಮವಾರ ನಿಮ್ಮ ಮನೆಗೆ ಬಂದು ಅತ್ತೆಯ ಕಾಲು ಹಿಡಿಯುತ್ತೇನೆ. ಅಲ್ಲಿಂದ ಬೆಳ್ತಂಗಡಿ ಬಸ್ಸು ಹತ್ತಿ ಕ್ಷೇತ್ರಕ್ಕೆ ಹೋಗಿ ತಪ್ಪುಕಾಣಿಕೆ ಹಾಕುತ್ತೇನೆ. ಅತ್ತೆ ಬಂದರೆ ಅವರೊಟ್ಟಿಗೆ, ಬಾರದಿದ್ದರೆ ಒಬ್ಬಳೇ.

ತೀರ್ಪು ಆಯಿತು ಮಾವ. ಒಟ್ಟಿಗೇ ಹೋಗುವ ಅಂದಿದ್ದಿರಿ.

ನಿಮ್ಮ
ಶಾರದೆ