ಅದುರದ ಹನಿ

ಮಾರ್ಚ್ ೧೨, ಗುರುವಾರ

ಬೆಳಗಿನಿಂದ ಆ ನೀರಿನ ಹನಿಯೇ ಕಣ್ಣಿಗೆ ಕಟ್ಟಿದೆ.

ನಮ್ಮ ಹಲ್ಲಿನ ಆಸ್ಪತ್ರೆಯ ಹೊಸ ಪ್ರಯೋಗದಲ್ಲಿ, ರೋಗಿಗಳ ಊದಿದ ವಸಡಿಗೆ ಅಲ್ಟ್ರಾಸೌಂಡ್ ಕೊಡುವ ಮೊದಲು ಯಂತ್ರದ ತುದಿಗೆ ಒಂದು ಹನಿ ನೀರು ಬಿಟ್ಟು ನೋಡಬೇಕು. ಹನಿ ಅದುರಿದರೆ ಮಾತ್ರ ಶಬ್ದದ ತರಂಗ ಹೊರಡುತ್ತಿದೆ ಎಂದರ್ಥ. ದಿನಾ ಮಾಡಬೇಕಾದ ಪರೀಕ್ಷೆ. ಪ್ರಯೋಗ ಶುರುವಾದ ಮೂರು ವಾರದಿಂದ ನಾನು ಮಾಡಿಲ್ಲ. ಯಂತ್ರದ ದೀಪ ಹತ್ತಿತೆಂದರೆ ಪರೀಕ್ಷೆಯ ಪುಸ್ತಕದಲ್ಲಿ ಸರಿ ಗುರುತು ಹಾಕಿಬಿಡುತ್ತಿದ್ದೆ. ಇವತ್ತು ಯಾಕೋ ಹನಿ ಬಿಟ್ಟು ನೋಡಿದೆ. ಹನಿ ಮಿಸುಕಾಡಲಿಲ್ಲ.

ತುದಿ ಕೆಟ್ಟದ್ದು ನಿನ್ನೆಯೋ, ಮೊದಲ ದಿನವೋ? ಯಾರನ್ನು ಕೇಳಲಿ?

ಅಷ್ಟರಲ್ಲಿ, ಮೊದಲ ದಿನದಿಂದ ಚಿಕಿತ್ಸೆಗೆ ಬರುತ್ತಿರುವ ದರ್ಜಿ ಅಜ್ಜ ಬಂದು ಬಾಯಿ ತೆರೆದು ಕೂತರು. ಮುಟ್ಟಿದರೆ ರಕ್ತ ಬರುತ್ತಿದ್ದ ವಸಡು ಈಗ ತಿಳಿಗುಲಾಬಿ. ಲ್ಯಾಬ್ ವರದಿಯ ಪ್ರಕಾರ ಊತದ ಜಾಗಕ್ಕೆ ನುಗ್ಗಿದ್ದ ಬಿಳಿ ರಕ್ತಕಣಗಳೂ ಅರ್ಧಕ್ಕೆ ಇಳಿದಿವೆ.

"ನಿಮ್ಮ ಕೈಗುಣ ಕಣಮ್ಮ," ಎಂದರು.

ನಾನು ನಕ್ಕೆ. ಹಾಳು ನಗು. ತರಂಗವಲ್ಲದಿದ್ದರೆ ಮತ್ತೇನು? ದಿನಾ ಬೈದು ಬೈದು ಕಲಿಸಿದ ಹಲ್ಲುಜ್ಜುವ ಕ್ರಮವೇ?

ಸಂಜೆ ರೋಗಿಗಳ ಫಲಿತಾಂಶದ ನನ್ನ ಪಟ್ಟಿ ನೋಡಿ ದೊಡ್ಡ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಉರಿಯೂತ ಇಷ್ಟು ಇಳಿದಿದೆಯಲ್ಲಮ್ಮಾ! ತರಂಗ ಆ ಬಿಳಿ ಕಣಗಳನ್ನ ಸುಮ್ಮನಾಗಿಸ್ತಿದೆ. ಯಂತ್ರ ದಿನಾ ಪರೀಕ್ಷೆ ಮಾಡಿದ್ದೀಯ ತಾನೆ?"

"ಮಾಡಿದ್ದೀನಿ ಸರ್."

ಬಾಯಿಂದ ಬಂದೇಬಿಟ್ಟಿತು. ನಾಳೆ ಹತ್ತು ಗಂಟೆಗೆ ಅವರು ಇದನ್ನೆಲ್ಲ ಡಾಕ್ಟರುಗಳ ಸಭೆಯ ಮುಂದಿಡುತ್ತಾರೆ. ಅದಕ್ಕೆ ಮೊದಲೇ ಪುಸ್ತಕ ತೆರೆದು ತೋರಿಸಿ, "ಹಿಂದಿನ ಗುರುತೆಲ್ಲ ಸುಳ್ಳು, ಇವತ್ತಿನದೊಂದಾದರೂ ನಿಜ ಸರ್" ಎನ್ನೋಣ ಎಂದುಕೊಂಡಿದ್ದೆ.

ಈಗ ನೆನಪಾಗುತ್ತಿದೆ. ಇವತ್ತೂ ಹನಿ ಬಿಡುವ ಮೊದಲೇ ಸರಿ ಗುರುತು ಹಾಕಿದ್ದೆ.