ಕೆನ್ನೆಗೆ ತಂಪು ತಾಗುತ್ತಿರುವ ತನಕ

ಚರ್ಮ ಹದ ಮಾಡುವ ಕೊಟ್ಟಿಗೆಯಿಂದ,
ಮಂಗಳವಾರ, ಸಂಜೆ ನಾಲ್ಕು ಗಂಟೆ

ಏಳು ಹಾಸಿಗೆಗಳ ಮಹಾಜನಗಳೇ! ಊರುಗೋಲುಗಳನ್ನು ಗೋಡೆಗೆ ಒರಗಿಸಿ, ದಿಂಬಿಗೆ ಬೆನ್ನು ಕೊಟ್ಟು, ಕಿವಿಗಳನ್ನು ಇತ್ತ ತಿರುಗಿಸಬೇಕಾಗಿ ಪ್ರಾರ್ಥನೆ. ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿಬಿಡಿ. ಪಕ್ಕದ ಹಾಸಿಗೆಯ ಟೀಚರಮ್ಮನವರೇ, ನನ್ನ ಕಾಗದಗಳನ್ನು ನೀವು ವಾರ್ಡಿಗೆಲ್ಲ ಕೇಳಿಸುವಂತೆ ಓದುತ್ತೀರೆಂದು ಅಕ್ಕ ಬರೆದಿದ್ದಾಳೆ. ಗಂಟಲು ಸರಿಮಾಡಿಕೊಳ್ಳಿ, ಈ ಸಲ ಪಾತ್ರ ದೊಡ್ಡದಿದೆ. ಒಂದೇ ವಿನಂತಿ: ಕೊನೆಯ ಹಾಳೆಯನ್ನು ಮಡಿಚಿ ಸುತ್ತಲೂ ದಾರ ಹಾಕಿ ಹೊಲಿದಿರುತ್ತೇನೆ. ಅದನ್ನು ಮಾತ್ರ ಬಿಚ್ಚದೆ ಅಕ್ಕನ ಕೈಗೆ ಕೊಡಿ.

ಪ್ರೀತಿಯ ಅಕ್ಕಾ, ಹೇಗಿದ್ದೀಯ? ಸಕ್ಕರೆ ಇಳಿಯಿತೇ, ಇಲ್ಲ ನಿನ್ನ ಹಾಗೆಯೇ ಹಠ ಹಿಡಿದು ಕೂತಿದೆಯೇ? ಮೊಣಕಾಲ ಕೆಳಗೆ ಕತ್ತರಿಸಿದ ಜಾಗದ ಗುಳ್ಳೆ ಪೂರ್ತಿ ಮಾಯಿತೇ? ಕಟ್ಟುಕಾಲಿಗೆ ಹಾಕಿದ ಕಾರ್ಖಾನೆಯ ಚರ್ಮದ ಒಳಪದರ ಎರಡು ಸಲ ಗುಳ್ಳೆ ಎಬ್ಬಿಸಿತು, ಮೂರನೆಯ ಸಲ ಎದ್ದು ಕೊಳೆತರೆ ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾದೀತು ಎಂದು ಡಾಕ್ಟರು ಅಂದ ಮಾತು ನನ್ನ ತಲೆಯೊಳಗೆ ಗಂಟೆ ಬಾರಿಸುತ್ತಲೇ ಇದೆ. ಕಾಲು ಮಾಡುವ ಮೇಷ್ಟ್ರು ಶುಕ್ರವಾರ ನಿನಗೆ ಹೊಸ ಕಾಲು ಕೂರಿಸುತ್ತಾರೆ, ಅಷ್ಟರಲ್ಲಿ ಒಳಪದರಕ್ಕೆ ನೀನು ಕೇಳಿದ ಚರ್ಮ ಬಾರದಿದ್ದರೆ ಮತ್ತೆ ಕಾರ್ಖಾನೆಯದೇ ಗತಿ ಎಂಬುದೂ ನನಗೆ ಗೊತ್ತು. ಭಾವ ಚೆನ್ನಾಗಿದ್ದಾರೆ. ಗಡಿಯಾರ ರಿಪೇರಿ ಮಾಡುವವರಿಗೆ ಟಿಕ್ ಟಿಕ್ ಸಾಕು, ಮಾತೇಕೆ? ದಿನಕ್ಕೆ ನಾಲ್ಕು ಮಾತು, ಅದರಲ್ಲಿ ಎರಡು ‘ಹೂಂ’.

ಮಿದುಳು ಬಳಿದರೆ ಚರ್ಮ ಮೆತ್ತಗಾಗುವುದುಂಟೇ ಎಂದು ನಿಮ್ಮ ವಾರ್ಡಿನವರು ನಕ್ಕರಂತೆ. ಆಗುತ್ತದೆ ಸ್ವಾಮಿ! ಪ್ರತಿ ಪ್ರಾಣಿಯ ತಲೆಯಲ್ಲೂ ಅದರ ಚರ್ಮಕ್ಕೆ ಸಾಲುವಷ್ಟು ಮಿದುಳು ಇದ್ದೇ ಇರುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದ. ನನ್ನ ಕಡೆ ನೋಡಿ, ‘ಇವನೊಬ್ಬನದು ಸ್ವಲ್ಪ ಕಡಿಮೆ ಬೀಳಬಹುದು’ ಎಂದೂ ಸೇರಿಸುತ್ತಿದ್ದ. ಅದಕ್ಕೇ ಕಸುಬು ಅಕ್ಕನ ಪಾಲಿಗೆ ಬಂತು, ನಾಟಕದ ಕಿರೀಟ ನನ್ನ ಪಾಲಿಗೆ. ಈಗ ಆ ಕಿರೀಟವನ್ನು ಮೊಳೆಗೆ ನೇತುಹಾಕಿ, ನಿನ್ನ ಹಳೆಯ ಏಪ್ರನ್ ಕಟ್ಟಿಕೊಂಡು ನಿಂತಿದ್ದೇನೆ ನೋಡು, ಹೊಟ್ಟೆಯ ಹತ್ತಿರ ಗಂಟು ಹಾಕಲು ದಾರವೇ ಸಾಲುವುದಿಲ್ಲ.

ನಮ್ಮ ಮುದಿ ಆಡು ಬಿಳಿಗಿವಿಯದೇ ಚರ್ಮ. ಅದು ಸಾಯುವ ಮುಂಚೆಯೇ ನೀನು ಗುರುತು ಹಾಕಿಟ್ಟಿದ್ದೆಯಲ್ಲ, ‘ಇದರ ಹಾಲು ಕುಡಿದಿದ್ದೀನಿ, ಇದರ ಚರ್ಮ ನನಗೆ ಕಚ್ಚಲ್ಲ’ ಎಂದು. ಬೂದಿ ನೀರಿನಲ್ಲಿ ನಾಲ್ಕು ದಿನ ನೆನೆಹಾಕಿದೆ. ಮರದ ದಿಮ್ಮಿಯ ಮೇಲೆ ಹರಡಿ, ಮೊಂಡು ಕತ್ತಿಯಿಂದ ಕೂದಲು ಹೆರೆದೆ. ಕೂದಲ ಜೊತೆಗೆ ಅದರ ಬುಡದ ನುಣುಪು ಪದರವನ್ನೂ ಹೆರೆದೆ. ಆ ಪದರ ಒಂದು ಬೆರಳಗಲ ಉಳಿದರೂ ಮಿದುಳು ಒಳಗಿಳಿಯುವುದಿಲ್ಲ, ಬಾಗಿಲು ಹಾಕಿದ ಮನೆಗೆ ನೆಂಟರು ಬಂದ ಹಾಗೆ ಹೊರಗೇ ನಿಲ್ಲುತ್ತದೆ. ಕತ್ತಿ ಒಂದು ಕೂದಲೆಳೆ ಜಾಸ್ತಿ ಒತ್ತಿದರೆ ತೂತು! ತೂತಾದರೆ ಹೊಲಿಗೆ, ಹೊಲಿಗೆಯಾದರೆ ಗುಳ್ಳೆ! ಎರಡು ದಿನ ಉಸಿರು ಬಿಗಿಹಿಡಿದು ಹೆರೆದೆನಕ್ಕಾ. ಒಂದು ತೂತೂ ಬೀಳಲಿಲ್ಲ.

ಆಮೇಲೆ ತೊಳೆದು ಹಿಂಡಿದ್ದಾಯಿತು. ಮಿದುಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಿವುಚಿ ಹಾಲಿನ ಹಾಗೆ ಮಾಡಿದೆ. ‘ಒಂದು ಹಿಡಿ ಮಿದುಳು ಎತ್ತಿ ಉಪ್ಪು ಹಾಕಿ ಫ್ರಿಜ್ಜಿನಲ್ಲಿಡು, ಯಾಕೆ ಅಂತ ಕೇಳಬೇಡ’ ಎಂದು ನೀನು ಬರೆದಿದ್ದೆ. ನಕ್ಕೆ. ಆದರೂ ಇಟ್ಟೆ. ಉಳಿದದ್ದರಲ್ಲಿ ಚರ್ಮ ಮುಳುಗಿಸಿ, ತಿಕ್ಕಿ, ಕೋಲಿಗೆ ಸುತ್ತಿ ತಿರುಚಿ, ಮತ್ತೆ ಮುಳುಗಿಸಿದೆ. ಸೋಮವಾರ ಬೆಳಿಗ್ಗೆ ಕೊಟ್ಟಿಗೆಯ ಮುಂದಿನ ಕಂಬಕ್ಕೆ ಹಗ್ಗ ಬಿಗಿದು ಎಳೆತ ಶುರು.

ಮಹಾಜನಗಳೇ, ಯುದ್ಧವೆಂದರೆ ಇದು! ಒದ್ದೆ ಚರ್ಮ ಒಣಗುತ್ತ ಒಣಗುತ್ತ ಬಿಗಿಯಾಗಲು ಹವಣಿಸುತ್ತದೆ. ಅದು ಬಿಗಿಯುವ ಮುಂಚೆ ನಾವು ಎಳೆಯಬೇಕು. ಅಡ್ಡ ಎಳೆ, ಉದ್ದ ಎಳೆ, ಹಗ್ಗಕ್ಕೆ ಉಜ್ಜು, ಮತ್ತೆ ಎಳೆ. ಕೈ ನಿಂತರೆ ಸೋತೆವು. ಬೀದಿಯವರೆಲ್ಲ ನೆರೆದರು. ಎದುರು ಅಂಗಡಿಯ ದರ್ಜಿ, ‘ಏನಣ್ಣಾ, ರಾಜನ ಪಾರ್ಟು ಬಿಟ್ಟು ಆಡಿನ ಜೊತೆ ಕುಸ್ತಿನಾ?’ ಎಂದು ಕೂಗಿದ. ‘ಆಡು ಸತ್ತ ಮೇಲೆ ಇವ್ನಿಗೆ ಧೈರ್ಯ ಬಂತು’ ಎಂದಳು ಹಾಲಿನವಳು. ನನಗೂ ಕಿಚ್ಚು ಹತ್ತಿತು. ಎಳೆಯುತ್ತಲೇ ಗದಾಯುದ್ಧದ ಮಾತುಗಳನ್ನು ಶುರುಮಾಡಿದೆ. ಒಂದೊಂದು ಎಳೆತಕ್ಕೆ ಒಂದೊಂದು ಗರ್ಜನೆ! ಹಳದಿ ಚರ್ಮ ಕಣ್ಣೆದುರೇ ಬೆಳ್ಳಗಾಯಿತು, ಉಬ್ಬಿತು, ಹತ್ತಿಯಾಯಿತು. ಮಧ್ಯಾಹ್ನ ಎರಡು ಗಂಟೆಗೆ ಅದನ್ನು ತಲೆಯ ಮೇಲೆ ಬಾವುಟದಂತೆ ಎತ್ತಿ ಹಿಡಿದೆ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ದರ್ಜಿ ಸೀಟಿ ಹೊಡೆದ!

ಇಲ್ಲಿಗೆ ಪರದೆ, ಮಹಾಜನಗಳೇ. ಮುಂದಿನದು ನಾನೂ ಅಕ್ಕನೂ. ನೀವೆಲ್ಲರೂ ಬೇಗ ಎದ್ದು ಓಡಾಡುವಂತಾಗಲಿ, ಟೀಚರಮ್ಮನವರ ಗಂಟಲು ನೂರು ವರ್ಷ ಬಾಳಲಿ.

ನಿನ್ನ ಪಾದಗಳಿಗೆ (ಒಂದು ಇಲ್ಲಿ ಇಲ್ಲದಿದ್ದರೂ ಲೆಕ್ಕಕ್ಕೆ ಎರಡೇ) ನಮಸ್ಕರಿಸುವ,
ನಿನ್ನ ಬಾಯಿಬಡುಕ ತಮ್ಮ

(ಹೊಲಿದ ಹಾಳೆ)

ಮರೆತದ್ದಲ್ಲ, ಎಲ್ಲರ ಮುಂದೆ ಬರೆಯಲು ಧೈರ್ಯವಾಗದ್ದು: ಅಕ್ಕಾ, ಕಾಗದ ಒಯ್ಯುವ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಗೀಚುತ್ತೇನೆ. ಚಪ್ಪಾಳೆ ಬಿದ್ದಾಗ ಕೈ ನಿಲ್ಲಿಸಿ ಬಗ್ಗಿ ನಮಸ್ಕಾರ ಮಾಡಿದೆ. ಆಮೇಲೆ ಕೆನ್ನೆಗೆ ಒತ್ತಿ ನೋಡಲಿಲ್ಲ. ‘ಕೆನ್ನೆಗೆ ತಂಪು ತಾಗ್ತಿರೋ ತನಕ ಒಳಗೆ ನೀರಿದೆ, ಕಣ್ಣನ್ನ ನಂಬಬೇಡ’ ಎಂದು ನೀನು ನೂರು ಸಲ ಹೇಳಿದ್ದೆ. ಹಗ್ಗದ ಮೇಲೆ ನೇತುಹಾಕಿ, ದರ್ಜಿಯ ಜೊತೆ ಹರಟೆಗೆ ಕೂತೆ.

ಇವತ್ತು ಬೆಳಿಗ್ಗೆ, ಚರ್ಮ ಬಾಳಿಕೆ ಬರಲೆಂದು ಹೊಗೆ ಕೊಡಲು ಕೊಳೆತು ಒಣಗಿದ ಮರದ ಚೂರು ಜೋಡಿಸಿ, ಚರ್ಮ ಇಳಿಸಿದೆ. ಬೆನ್ನಿನ ನಡುವೆ ಅಂಗೈಯಷ್ಟಗಲ ಹಲಗೆಯಾಗಿದೆ. ಬೆರಳಿಂದ ತಟ್ಟಿದರೆ ಟಕ್ ಟಕ್ ಎನ್ನುತ್ತದೆ. ಕತ್ತರಿಸಿ ತೆಗೆಯೋಣವೆಂದರೆ ಹೊಲಿಗೆಯಿಲ್ಲದ ಒಂದೇ ತುಂಡು ಬೇಕೆಂದಿದ್ದಾರೆ ಮೇಷ್ಟ್ರು. ಅವರು ಕಳಿಸಿದ ಅಳತೆಯ ಕಾಗದ ಇಟ್ಟು ನೋಡಿದೆ, ಹೇಗೆ ತಿರುಗಿಸಿದರೂ ನಿನ್ನ ಮೂಳೆಯ ತುದಿ ಕೂರುವುದು ಸರಿಯಾಗಿ ಅಲ್ಲೇ.

ಇನ್ನೊಂದು ಹೇಳಿಬಿಡುತ್ತೇನೆ, ಬೈಯಬೇಡ. ಬೈಯಿ ಪರವಾಗಿಲ್ಲ. ಮಧ್ಯಾಹ್ನ ಮರದ ಸುತ್ತಿಗೆ ತೆಗೆದುಕೊಂಡು ಆ ಜಾಗವನ್ನು ಬಡಿದೆ. ಬಡಿದರೆ ಮೆತ್ತಗಾದಂತೆ ಕಾಣುತ್ತದೆ, ಮೊದಲ ಬೆವರು ಬಿದ್ದು ಒಣಗುವ ತನಕ. ಗೊತ್ತಿದ್ದೇ ಬಡಿದೆ. ಶುಕ್ರವಾರ ಮೇಷ್ಟ್ರ ಕೈ ದಾಟಿದರೆ ಸಾಕು, ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ. ಆ ಚರ್ಮಕ್ಕೂ ಒಂದು ವೇಷ ಹಾಕಿಬಿಟ್ಟೆನಕ್ಕಾ. ಊಟಕ್ಕೆ ಬಂದ ಭಾವ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬಂದು ಚರ್ಮ ಎತ್ತಿ ಕೆನ್ನೆಗೆ ಒತ್ತಿಕೊಂಡರು, ಕೆಳಗಿಟ್ಟರು. ‘ಇದು ಯಾರ ಕಾಲಿಗಪ್ಪಾ?’ ಅಂದರು. ಅಷ್ಟೇ. ‘ಹೂಂ’ ಕೂಡ ಅನ್ನಲಿಲ್ಲ.

ಸುತ್ತಿಗೆ ಬಿಸಾಡಿದೆ. ಫ್ರಿಜ್ಜಿನಿಂದ ನಿನ್ನ ಆ ಒಂದು ಹಿಡಿ ತೆಗೆದೆ. ಯಾಕೆ ಇಡಿಸಿದೆ ಎಂದು ಈಗ ಕೇಳುವುದಿಲ್ಲ. ನಾನು ಎಲ್ಲಿ ಕೈ ನಿಲ್ಲಿಸುತ್ತೇನೆ ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಯೇ ನಿನಗೆ ಗೊತ್ತಿತ್ತು. ಉಪ್ಪು ತೊಳೆದು, ಕಿವುಚಿ, ಚರ್ಮವನ್ನು ಮತ್ತೆ ಮುಳುಗಿಸಿದ್ದೇನೆ. ಈಗ ಬೋಗುಣಿಯಲ್ಲಿದೆ. ಇದು ಮುಗಿದರೆ ಬೇರೆ ಇಲ್ಲ. ಹೊಗೆ ಗುರುವಾರ, ಶುಕ್ರವಾರ ಮೊದಲ ಬಸ್ಸಿಗೆ ನಾನೇ ತರುತ್ತೇನೆ. ನೀನೇ ಕೆನ್ನೆಗೆ ಒತ್ತಿ ನೋಡು. ನೀನು ಬೇಡ ಅಂದರೆ ಮೇಷ್ಟ್ರಿಗೆ ತೋರಿಸುವುದೇ ಇಲ್ಲ.

ನಾಳೆ ಬೆಳಿಗ್ಗೆ ಆರು ಗಂಟೆಗೆ ಹಗ್ಗವನ್ನು ಒಳಗಿನ ತೊಲೆಗೆ ಕಟ್ಟುತ್ತೇನೆ, ಬೀದಿಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುತ್ತೇನೆ, ಗೋಡೆಗೆ ಮುಖ ಮಾಡಿ ನಿಂತು, ಬಾಯಿ ಮುಚ್ಚಿಕೊಂಡು ಎಳೆಯುತ್ತೇನೆ.